ದೋಣಿ ಇಳಿದ ಮೇಲೆ ಕೆರೆ ಯಾರದು?

ಹೊರವರ್ತುಲ ರಸ್ತೆಯಲ್ಲಿ ಕತ್ರಿಗುಪ್ಪೆಗೆ ಬಸ್ಸು ಹತ್ತುವವರು ಕಂಡಕ್ಟರಿಗೆ ‘ವಾಟರ್ ಟ್ಯಾಂಕ್’ ಎಂದು ಹೇಳಿ ಟಿಕೆಟ್ ಕೇಳುತ್ತಾರೆ. ಆ ನಿಲ್ದಾಣದ ಹೆಸರೇ ಅದು. ಇಳಿದು ನೋಡಿದರೆ ಸಿಗ್ನಲ್ಲು, ಅಂಗಡಿ ಸಾಲು ಮತ್ತು ಕಂಬಗಳ ಮೇಲೆ ನಿಂತ ಸಿಮೆಂಟಿನ ನೀರಿನ ತೊಟ್ಟಿ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ‘ಟ್ಯಾಂಕ್’ ಎಂದರೆ ಕೆರೆ. ಸ್ಯಾಂಕಿ ಟ್ಯಾಂಕ್, ಹಲಸೂರು ಟ್ಯಾಂಕ್, ಸಂಪಂಗಿ ಟ್ಯಾಂಕ್ ಎಂದೇ ಅವರು ಬರೆದಿಟ್ಟರು. ಒಂದು ನೂರು ವರ್ಷದಲ್ಲಿ ಆ ಪದ ನೆಲದಿಂದ ಎದ್ದು ಕಂಬದ ಮೇಲೆ ಕುಳಿತಿದೆ. ನಲ್ಲಿಯಲ್ಲಿ ನೀರು ಬರತೊಡಗಿದ ಮೇಲೆ ಊರಿಗೆ ಕೆರೆ ಏತಕ್ಕೆ ಬೇಕು ಎಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಗೆ ಬೆಂಗಳೂರು ಕೊಟ್ಟ ಉತ್ತರಗಳಲ್ಲಿ ಒಂದು: ಆಟಕ್ಕೆ.

ಕತ್ರಿಗುಪ್ಪೆಯಿಂದ ತುಸು ದೂರದಲ್ಲೇ ಹೊಸಕೆರೆಹಳ್ಳಿಯಿದೆ. ಊರಿನ ಹೆಸರಿನಲ್ಲೇ ಕೆರೆ ಇದೆ. ಇನ್ನೊಂದು ದಿಕ್ಕಿಗೆ ಯಡಿಯೂರು ಕೆರೆ. ಆಚೆಗೆ ಸಾರಕ್ಕಿ, ಪುಟ್ಟೇನಹಳ್ಳಿ. ಬಿಟಿಎಂ ಬಡಾವಣೆಯ ಪಕ್ಕದಲ್ಲಿ ಸುಮಾರು 275 ಎಕರೆಯ ಮಡಿವಾಳ ಕೆರೆ, ಅದರ ಕೆಳಗೆ ಅಗರ, ಅದರ ಕೆಳಗೆ ಬೆಳ್ಳಂದೂರು. ದಕ್ಷಿಣ ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಕೆರೆ ಎಂದ ಕೂಡಲೇ ಮೊದಲು ನೆನಪಾಗುವುದು ಏರಿಯಲ್ಲ, ತೂಬಲ್ಲ. ಕಾಲಿನಿಂದ ತುಳಿಯುವ ಬಣ್ಣದ ದೋಣಿ. ಈ ಲೇಖಕ ಕೂಡ ಶಾಲೆಯ ಪ್ರವಾಸದಲ್ಲಿ ನಗರದ ಒಂದು ಕೆರೆಯಲ್ಲಿ ಹಾಗೆ ತುಳಿದದ್ದುಂಟು. ಗೆಳೆಯರ ಜೊತೆ ಪಂದ್ಯ ಕಟ್ಟಿ ದೋಣಿಯನ್ನು ಜೊಂಡಿನೊಳಗೆ ನುಗ್ಗಿಸಿದಾಗ, ಅಂಗೈಯಗಲದ ಒಂದು ಪುಟ್ಟ ಹಕ್ಕಿ ಕಿರುಚುತ್ತ ನೀರಿನ ಮೇಲೆ ಓಡಿತು. ಅದು ಗುಳುಮುಳುಕ ಎಂದೂ, ಅದರ ಗೂಡು ನೀರಿನ ಮೇಲೆ ತೇಲುತ್ತದೆಂದೂ, ದೋಣಿ ಹಾದ ಜಾಗದಲ್ಲೇ ಆ ಗೂಡು ಇದ್ದಿರಬಹುದೆಂದೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ದಿನ ನಮಗೆ ಅದು ನಗುವಿನ ವಿಷಯವಾಗಿತ್ತು.

ಕಾಲಲ್ಲಿ ತುಳಿಯುವ ದೋಣಿಯೇ ಇಷ್ಟು ಮಾಡಬಲ್ಲುದಾದರೆ ಎಂಜಿನ್ ದೋಣಿ ಏನು ಮಾಡೀತು? ಅಮೆರಿಕದ ಸರೋವರಗಳ ದಡದಲ್ಲಿ ಈಗ ಇದೇ ದೊಡ್ಡ ಜಗಳ. ಆದರೆ ಕೆರೆಯಲ್ಲಿ ಆಡುವವರಿಗೂ ಕೆರೆಯಿಂದ ಬದುಕುವವರಿಗೂ ನಡುವಣ ಜಗಳ ಬೆಂಗಳೂರಿಗೆ ಹೊಸದಲ್ಲ. ಅದಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

ಪೋಲೋ ಆಟ, ಸೊಪ್ಪಿನ ತೋಟ

ಬೆಂಗಳೂರಿನ ಸುತ್ತ ದೊಡ್ಡ ನದಿಯಿಲ್ಲ. ಊರು ಎತ್ತರದ ದಿಣ್ಣೆಯ ಮೇಲಿದೆ. ಬಿದ್ದ ಮಳೆ ನಾಲ್ಕು ದಿಕ್ಕಿಗೆ ಹರಿದು ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಹಿಂದಿನವರು ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿದರು. ಒಂದು ಕೆರೆ ತುಂಬಿದರೆ ಕೋಡಿ ಹರಿದು ಮುಂದಿನ ಕೆರೆಗೆ. ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳನ್ನು ಕಟ್ಟಿಸಿದ ಕೀರ್ತಿ ಕೆಂಪೇಗೌಡರ ಮನೆತನಕ್ಕೆ ಸಲ್ಲುತ್ತದೆ. 1809ರಲ್ಲಿ ದಂಡುಪ್ರದೇಶ ಬಂದ ಮೇಲೆ ಪೇಟೆಗೂ ದಂಡಿಗೂ ನೀರು ಒದಗಿಸಿದ ಕೆರೆಗಳಲ್ಲಿ ಸಂಪಂಗಿ ಕೆರೆಯೂ ಒಂದು. ಇಂದಿನ ಕಂಠೀರವ ಕ್ರೀಡಾಂಗಣ ಇರುವ ಜಾಗ ಅದು.

ಆ ಕೆರೆಯ ಕಥೆಯನ್ನು ಹಳೆಯ ಸರ್ಕಾರಿ ಕಡತಗಳಿಂದ ಹೆಕ್ಕಿ ತೆಗೆದವರು ಪರಿಸರ ಇತಿಹಾಸವನ್ನು ಅಭ್ಯಸಿಸುವ ಹಿತಾ ಉಣ್ಣಿಕೃಷ್ಣನ್, ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು. ಅವರ ಅಧ್ಯಯನದಿಂದ ತಿಳಿದುಬರುವುದು ಇದು. ಕೆರೆಯ ಕೆಳಗೆ ತಿಗಳ ಸಮುದಾಯದವರು ತೋಟ ಮಾಡಿಕೊಂಡಿದ್ದರು. ಸೊಪ್ಪು, ತರಕಾರಿ ಬೆಳೆದು ಪೇಟೆಗೂ ದಂಡಿಗೂ ಮಾರುತ್ತಿದ್ದರು. ಕೆರೆಯ ಮಣ್ಣಿನಿಂದ ಇಟ್ಟಿಗೆ ಮಾಡುವವರಿದ್ದರು. ದನಗಳಿಗೆ ಹುಲ್ಲು ಸಿಗುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಬಂದಿತು. ಸಂಪಂಗಿ ಕೆರೆಯ ನೀರು ಕುಡಿಯುವ ಅಗತ್ಯ ನಗರಕ್ಕೆ ತಪ್ಪಿತು. ಅಲ್ಲಿಂದ ಕೆರೆಯ ಕಷ್ಟ ಶುರುವಾಯಿತು.

ನೀರು ಇಳಿದಾಗ ಕೆರೆಯಂಗಳ ಸಮತಟ್ಟಾದ ಮೈದಾನವಾಗುತ್ತದೆ. ಪೋಲೋ ಆಡುವ ಅಧಿಕಾರಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೆ? ಕೆರೆ ಒಣಗಿದ್ದರೆ ಅವರಿಗೆ ಅನುಕೂಲ. ಕೆರೆ ತುಂಬಿದ್ದರೆ ತಿಗಳರಿಗೆ ಅನುಕೂಲ. ನೀರು ಬಿಟ್ಟುಬಿಡಬೇಡಿ, ತೋಟ ಒಣಗುತ್ತದೆ ಎಂದು ತೋಟಗಾರರು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡರು. ಸುತ್ತಲಿನ ಬಂಗಲೆಯವರಿಗೆ ತುಂಬಿದ ಕೆರೆಯೆಂದರೆ ತೇವ, ಸೊಳ್ಳೆ, ಜ್ವರದ ಭಯ. ಹೀಗೆ ಒಂದೇ ಕೆರೆಗೆ ಹಲವು ಬಗೆಯ ಹಕ್ಕುದಾರರು. ಅರ್ಜಿಗಳು ಓಡಾಡಿದವು, ಕೆರೆ ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಯಿತು. 1946ರ ಹೊತ್ತಿಗೆ ಅದರ ಅಂಗಳದಲ್ಲಿ ಕ್ರೀಡಾಂಗಣ ಎದ್ದಿತು. ಇಂದು ಉಳಿದಿರುವುದು ಒಂದು ಪುಟ್ಟ ಹೊಂಡ. ಕರಗ ಹೊರುವ ತಿಗಳ ಸಮುದಾಯ ಆ ನೀರಿನೊಂದಿಗೆ ತನ್ನ ನಂಟನ್ನು ಇಂದಿಗೂ ಬಿಟ್ಟಿಲ್ಲ. ತೋಟ ಹೋಯಿತು, ಕೆರೆ ಹೋಯಿತು, ಪೂಜೆ ಉಳಿಯಿತು.

ಇದು ಒಂದು ಕೆರೆಯ ಕಥೆಯಲ್ಲ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಧರ್ಮಾಂಬುಧಿಯ ಅಂಗಳಕ್ಕೆ ಬಸ್ ನಿಲ್ದಾಣ ಬಂದಿತು. ಬೆಂಗಳೂರಿನ ಕ್ರೀಡಾ ಭೂಪಟವನ್ನು ಎದುರಿಗಿಟ್ಟುಕೊಂಡರೆ ಅದು ಸತ್ತ ಕೆರೆಗಳ ಭೂಪಟವೂ ಆಗಿದೆ.

ನೀರಿಗಿಳಿದ ಆಟ

ಒಣ ಕೆರೆಯಲ್ಲಿ ಆಡಿದ್ದು ಒಂದು ಕಾಲ. ಉಳಿದ ಕೆರೆಗಳಲ್ಲಿ ನೀರಿನ ಮೇಲೆ ಆಡುವುದು ಇನ್ನೊಂದು. ಕೆರೆಗೆ ದೋಣಿ ಅಪರಿಚಿತವೇನಲ್ಲ. ಮೀನು ಹಿಡಿಯುವವರ ತೆಪ್ಪ, ಹರಿಗೋಲು ಎಂದಿನಿಂದಲೂ ಇವೆ. ದೇವರಿಗೂ ನೀರಿನ ವಿಹಾರವುಂಟು, ಅದಕ್ಕೆ ತೆಪ್ಪೋತ್ಸವ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಸಮಯದಲ್ಲಿ ಕೆಂಪಾಂಬುಧಿ ಕೆರೆಯಲ್ಲಿ ತೆಪ್ಪೋತ್ಸವ ನಡೆದದ್ದನ್ನು ಈಚಿನ ವರ್ಷಗಳಲ್ಲಿ ನೋಡಿದವರಿದ್ದಾರೆ. ಆದರೆ ದೇವರು ಸಾಗುವುದು ನಿಧಾನವಾಗಿ, ವರ್ಷಕ್ಕೊಮ್ಮೆ.

ಹಲಸೂರು ಕೆರೆಯ ದಂಡೆಯಲ್ಲೇ ಸೇನೆಯ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ಅಲ್ಲಿನ ಯೋಧರು ಅದೇ ಕೆರೆಯಲ್ಲಿ ಹುಟ್ಟು ಹಾಕುವುದನ್ನು ಕಲಿತು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಂದೂರು ಕೆರೆಗೆ ಇನ್ನೂ ವಿಚಿತ್ರವಾದ ‘ದೋಣಿ’ಗಳು ಬಂದಿದ್ದವು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ದುರಸ್ತಿಗೆಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬರುವಾಗ ಇಳಿಯುತ್ತಿದ್ದದ್ದು ಆ ಕೆರೆಯಲ್ಲಿ. ವಿಮಾನ ಇಳಿಯುವಷ್ಟು ತಿಳಿನೀರು ಅಲ್ಲಿತ್ತು ಎಂದರೆ ಇಂದಿನ ಹುಡುಗರು ನಂಬಲಾರರು. ಅವರು ಕಂಡಿರುವುದು ನೊರೆಯ ಬೆಳ್ಳಂದೂರು. 2018ರ ಜನವರಿಯಲ್ಲಿ ಆ ಕೆರೆಗೆ ಹತ್ತಿದ ಬೆಂಕಿಯನ್ನು ಆರಿಸಲು ಸೇನೆಯ ಯೋಧರೂ ಬರಬೇಕಾಯಿತು.

ಮನರಂಜನೆಯ ದೋಣಿ ನಗರದ ಕೆರೆಗಳಿಗೆ ವ್ಯಾಪಾರವಾಗಿ ಇಳಿದದ್ದು ಹೊಸ ಶತಮಾನದ ಆರಂಭದಲ್ಲಿ. 2002ರಲ್ಲಿ ರಾಜ್ಯ ಸರ್ಕಾರ ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ಕೆರೆಗಳ ಹೂಳೆತ್ತಲು, ಬೇಲಿ ಹಾಕಲು, ಕಾವಲು ಇಡಲು ದುಡ್ಡು ಬೇಕು. ಸರ್ಕಾರದ ಬೊಕ್ಕಸ ಅಷ್ಟಕ್ಕಷ್ಟೆ. ಹಾಗಾದರೆ ಖಾಸಗಿಯವರು ಕೆರೆಯನ್ನು ನೋಡಿಕೊಳ್ಳಲಿ, ಪ್ರತಿಯಾಗಿ ದೋಣಿ ನಡೆಸಿ, ತಿಂಡಿ ಮಾರಿ, ಟಿಕೆಟ್ ಹಾಕಿ ಗಳಿಸಿಕೊಳ್ಳಲಿ ಎಂಬುದು ಪ್ರಾಧಿಕಾರದ ಲೆಕ್ಕ. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಹೆಬ್ಬಾಳ ಕೆರೆ ಒಬೆರಾಯ್ ಸಮೂಹದ ಈಸ್ಟ್ ಇಂಡಿಯಾ ಹೋಟೆಲ್ಸ್ ಕಂಪನಿಗೆ, ನಾಗವಾರ ಕೆರೆ ಲುಂಬಿನಿ ಗಾರ್ಡನ್ಸ್‌ಗೆ, ಕೆ.ಆರ್. ಪುರದ ವೆಂಗಯ್ಯನ ಕೆರೆ ಪಾರ್-ಸಿ ಎಂಬ ಸಂಸ್ಥೆಗೆ, ನಮ್ಮ ದಕ್ಷಿಣದ ಅಗರ ಕೆರೆ ಬಯೋಟಾ ನ್ಯಾಚುರಲ್ ಸಿಸ್ಟಮ್ಸ್‌ಗೆ ಗುತ್ತಿಗೆಯಾಗಿ ಹೋದವು. ನಾಗವಾರದಲ್ಲಿ ದೋಣಿ, ನೀರಾಟದ ಕೊಳ, ತಿನಿಸಿನ ಮಳಿಗೆಗಳು ಬಂದವು. ಒಳಗೆ ಹೋಗಲು ಟಿಕೆಟ್ ಬಂದಿತು.

ಇಲ್ಲಿ ಒಂದು ಸಣ್ಣ ಬದಲಾವಣೆ ಕಣ್ಣಿಗೆ ಬೀಳದೆ ಹೋಗಬಹುದು. ಅದುವರೆಗೆ ಕೆರೆಗೆ ಬರುವವರು ಕೆಲಸಕ್ಕೆ ಬರುತ್ತಿದ್ದರು. ಬಟ್ಟೆ ಒಗೆಯಲು, ದನ ಮೈತೊಳೆಯಲು, ಹುಲ್ಲು ಕೊಯ್ಯಲು, ಬಲೆ ಬೀಸಲು, ಸೊಪ್ಪು ಕೀಳಲು. ಈಗ ಬರುವವರು ಬಿಡುವಿಗೆ ಬರುವವರು. ಕೆಲಸದವರ ಕೈಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಟಿಕೆಟ್ ಪಡೆದವರಿಗೆ ಸಗಣಿಯ ವಾಸನೆ ಹಿಡಿಸದು.

ಹೈಕೋರ್ಟಿನ ಮೆಟ್ಟಿಲು

2008ರಲ್ಲಿ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಮತ್ತು ಅದರ ಲಿಯೋ ಸಲ್ಡಾನ ಅವರು ಈ ಗುತ್ತಿಗೆಗಳನ್ನು ಪ್ರಶ್ನಿಸಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ಕೆರೆ ಸರ್ಕಾರದ ಸ್ವತ್ತಲ್ಲ, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂಬುದು ವಾದದ ತಿರುಳು. ಈ ತತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತ್ತು. ಹಿಮಾಚಲ ಪ್ರದೇಶದಲ್ಲಿ ಒಂದು ರೆಸಾರ್ಟಿನ ಅನುಕೂಲಕ್ಕಾಗಿ ಬಿಯಾಸ್ ನದಿಯ ಪಾತ್ರವನ್ನೇ ತಿರುಗಿಸಿದ ಪ್ರಕರಣ ಅದು. ನದಿ, ಕೆರೆ, ಕಡಲತೀರಗಳನ್ನು ಸರ್ಕಾರ ಜನರ ಪರವಾಗಿ ಕಾಯುತ್ತದೆಯೇ ಹೊರತು ತನ್ನದೆಂದು ಮಾರುವಂತಿಲ್ಲ ಎಂದು ಅಂದು ಕೋರ್ಟು ಹೇಳಿತು. ಧರ್ಮದರ್ಶಿಯಾದವನು ದೇವಸ್ಥಾನದ ಗಂಟೆಯನ್ನು ಮನೆಗೆ ಒಯ್ಯುವಂತಿಲ್ಲವಷ್ಟೆ.

ಹೈಕೋರ್ಟು ಈ ಅರ್ಜಿಯ ವಿಚಾರಣೆಯ ನಡುವೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕೊಳಚೆ ತಡೆಯುವುದು, ಒತ್ತುವರಿ ತೆರವು, ರಾಜಕಾಲುವೆಗಳ ರಕ್ಷಣೆ, ಬೇಲಿ ಇವೆಲ್ಲ ಅದರಲ್ಲಿದ್ದವು. 2012ರ ಏಪ್ರಿಲ್‌ನಲ್ಲಿ ಹೈಕೋರ್ಟು ಅರ್ಜಿಯನ್ನು ಇತ್ಯರ್ಥಪಡಿಸುತ್ತ ಸಮಿತಿಯ ಶಿಫಾರಸುಗಳಿಗೆ ಮನ್ನಣೆ ನೀಡಿತು. ಜಿಲ್ಲೆ ಜಿಲ್ಲೆಗೂ ಕೆರೆ ರಕ್ಷಣಾ ಸಮಿತಿ ಇರಬೇಕೆಂದು ನಿರ್ದೇಶಿಸಿತು. ಕೆರೆಗಳನ್ನು ಸಾಲುಸಾಲಾಗಿ ಗುತ್ತಿಗೆಗೆ ಕೊಡುವ ಉತ್ಸಾಹ ಆ ಮೊಕದ್ದಮೆಯೊಂದಿಗೆ ತಣ್ಣಗಾಯಿತು. ಕೆರೆ ಅಭಿವೃದ್ಧಿ ಪ್ರಾಧಿಕಾರವೂ ಈಗಿಲ್ಲ. 2014ರಲ್ಲಿ ಕೆರೆ ಸಂರಕ್ಷಣೆಗೆಂದೇ ಪ್ರತ್ಯೇಕ ಶಾಸನ ಬಂದಿತು.

ಆ ಮೊಕದ್ದಮೆಯಲ್ಲಿ ದೋಣಿ ಕೇವಲ ಒಂದು ಅಂಶ. ಆದರೂ ಅದು ಸಣ್ಣ ಅಂಶವಲ್ಲ. ದೋಣಿ ಓಡಿಸಬೇಕಾದರೆ ಕೆರೆಯಲ್ಲಿ ವರ್ಷವಿಡೀ ನೀರು ನಿಂತಿರಬೇಕು. ಜೊಂಡು, ತಾವರೆ, ಅಂತರಗಂಗೆ ಎಲ್ಲವನ್ನೂ ಕಿತ್ತುಹಾಕಬೇಕು. ಇಳಿಜಾರಾದ ಅಂಗಳವನ್ನು ಅಗೆದು ಬಟ್ಟಲಿನಂತೆ ಮಾಡಬೇಕು. ಅಂದರೆ ದೋಣಿ ಇಳಿಯುವ ಮೊದಲೇ ಕೆರೆಯ ಸ್ವರೂಪ ಬದಲಾಗಿರುತ್ತದೆ. ಮಳೆಗೆ ತುಂಬಿ ಬೇಸಿಗೆಗೆ ಇಳಿಯುವುದು ಕೆರೆಯ ಸಹಜ ಉಸಿರಾಟ. ಇಳಿದ ನೀರಿನ ಅಂಚಿನ ಕೆಸರಿನಲ್ಲೇ ಕೊಕ್ಕರೆಗಳಿಗೆ, ಉಲ್ಲಂಕಿಗಳಿಗೆ ಆಹಾರ. ಅಲ್ಲೇ ದನಗಳಿಗೆ ಹುಲ್ಲು. ಬಟ್ಟಲಾದ ಕೆರೆಯಲ್ಲಿ ಆ ಅಂಚೇ ಇರುವುದಿಲ್ಲ.

ಅಲೆಯ ಲೆಕ್ಕ

ಈಗ ಅಮೆರಿಕದ ಜಗಳಕ್ಕೆ ಬರೋಣ. ಅಲ್ಲಿ ‘ವೇಕ್ ಬೋಟ್’ ಎಂಬ ಹೊಸ ಬಗೆಯ ಎಂಜಿನ್ ದೋಣಿ ಜನಪ್ರಿಯವಾಗಿದೆ. ಸಾಮಾನ್ಯವಾಗಿ ದೋಣಿ ತಯಾರಕರು ಹಿಂದೆ ಅಲೆ ಏಳದಂತೆ ನೋಡಿಕೊಳ್ಳುತ್ತಾರೆ. ವೇಕ್ ಬೋಟಿನಲ್ಲಿ ಇದು ತಿರುಗುಮುರುಗು. ಅಲೆ ಎಬ್ಬಿಸುವುದೇ ಅದರ ಕೆಲಸ. ದೋಣಿಯೊಳಗಿನ ತೊಟ್ಟಿಗಳಿಗೆ ಬೇಕೆಂದೇ ನೀರು ತುಂಬಿ ಭಾರ ಹೆಚ್ಚಿಸುತ್ತಾರೆ. ಹಿಂಭಾಗ ತಗ್ಗುತ್ತದೆ, ಮೂತಿ ಮೇಲೇಳುತ್ತದೆ, ಹಿಂದೆ ಸಮುದ್ರದಂಥ ಅಲೆ ಏಳುತ್ತದೆ. ಹಲಗೆಯ ಮೇಲೆ ನಿಂತವರು ಹಗ್ಗದ ಹಂಗಿಲ್ಲದೆ ಆ ಅಲೆಯ ಮೇಲೆ ಜಾರುತ್ತಾರೆ. ನೋಡಲು ಚೆಂದ, ಆಡಲು ಇನ್ನೂ ಚೆಂದವಿರಬೇಕು.

ಆದರೆ ಅಲೆ ಅಲ್ಲಿಗೇ ನಿಲ್ಲುವುದಿಲ್ಲ, ದಡಕ್ಕೆ ಬರುತ್ತದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆಂಬುದು ಭೌತಶಾಸ್ತ್ರದ ನಿಯಮ. ಎತ್ತರ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮಿನ್ನೆಸೋಟ ವಿಶ್ವವಿದ್ಯಾಲಯದ ಜಲಪ್ರಯೋಗಾಲಯ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾನ್ಯ ಮೋಟಾರು ದೋಣಿ 200 ಅಡಿ ದೂರದಿಂದ ದಡಕ್ಕೆ ಕಳಿಸುವ ಅಲೆಯ ಮಟ್ಟಕ್ಕೆ ಇದರ ಅಲೆ ಇಳಿಯಬೇಕಾದರೆ 500 ಅಡಿಗೂ ಹೆಚ್ಚು ದೂರ ಬೇಕು. ದೋಣಿಯ ಹಿಂಭಾಗ ತಗ್ಗಿರುವುದರಿಂದ ಅದರ ಚಕ್ರದ ರೆಕ್ಕೆಗಳು ನೀರನ್ನು ಕೆಳಮುಖವಾಗಿ ಬಡಿಯುತ್ತವೆ. ತಳದ ಹೂಳು ಏಳುತ್ತದೆ. ಹೂಳಿನಲ್ಲಿ ಅಡಗಿದ್ದ ರಂಜಕ ನೀರಿಗೆ ಬೆರೆತು ಪಾಚಿಗೆ ಗೊಬ್ಬರವಾಗುತ್ತದೆ. ಈಜುವವರು, ಹುಟ್ಟು ದೋಣಿಯವರು, ಗಾಳ ಹಾಕುವವರು, ದಡದಲ್ಲಿ ಮನೆಯುಳ್ಳವರು, ಹಕ್ಕಿ ನೋಡುವವರು ಎಲ್ಲರೂ ತಕರಾರೆತ್ತಿದರು. ಸರೋವರ ಎಲ್ಲರದು ಎಂದರೆ ನಮ್ಮದೂ ಅಲ್ಲವೆ ಎಂಬುದು ದೋಣಿಯವರ ಪ್ರಶ್ನೆ.

ವರ್ಮಾಂಟ್ ರಾಜ್ಯ 2024ರಲ್ಲಿ ಒಂದು ನಿಯಮ ತಂದಿತು. ವೇಕ್ ಬೋಟಿನ ಆಟಕ್ಕೆ ದಡದಿಂದ 500 ಅಡಿ ದೂರವಿರಬೇಕು. ನೀರು 20 ಅಡಿ ಆಳವಿರಬೇಕು. ಈ ಎರಡೂ ಇರುವ ಜಾಗ ಒಂದೇ ಕಡೆ ಕನಿಷ್ಠ 50 ಎಕರೆಯಾದರೂ ಇರಬೇಕು. ಇಲ್ಲದ ಸರೋವರದಲ್ಲಿ ಆಟವಿಲ್ಲ.

ಈ ಅಳತೆಗೋಲನ್ನು ಬೆಂಗಳೂರಿಗೆ ತಂದು ನೋಡಿದರೆ ಕುತೂಹಲಕರ ಫಲ ಸಿಗುತ್ತದೆ. 50 ಎಕರೆಯ ವೃತ್ತ, ಅದರ ಸುತ್ತ 500 ಅಡಿಯ ಪಟ್ಟಿ ಎಂದರೆ ಕೆರೆ ಚಕ್ರದಂತೆ ದುಂಡಗಿದ್ದರೂ ಸುಮಾರು 128 ಎಕರೆ ಬೇಕು. ಸ್ಯಾಂಕಿ ಕೆರೆ ಇರುವುದೇ ಸುಮಾರು 37 ಎಕರೆ. ಹಲಸೂರು ಕೆರೆ ಸುಮಾರು 123 ಎಕರೆ, ಅದೂ ನಡುನಡುವೆ ದ್ವೀಪಗಳೊಂದಿಗೆ. ಮಡಿವಾಳ ಕೆರೆ ವಿಸ್ತಾರದಲ್ಲಿ ಪಾಸಾದರೂ ಆಳದಲ್ಲಿ ನಪಾಸು. ಏಕೆಂದರೆ ನಮ್ಮ ಕೆರೆ ಅಲ್ಲಿನ ಸರೋವರದಂತೆ ಹಿಮಗಡ್ಡೆ ಕೊರೆದು ಮಾಡಿದ ಹಳ್ಳವಲ್ಲ. ಒಂದು ಬದಿ ಏರಿ, ಇನ್ನೊಂದು ಬದಿ ನಿಧಾನವಾಗಿ ಏರುವ ನೆಲ. ಏರಿಯ ಬುಡದಲ್ಲಿ, ತೂಬಿನ ಬಳಿ ಮಾತ್ರ ಆಳ. ಉಳಿದದ್ದೆಲ್ಲ ಸೊಂಟಮಟ್ಟ, ಮೊಣಕಾಲುಮಟ್ಟ. ಅಲ್ಲಿನವರು ದೊಡ್ಡ ಸರೋವರಕ್ಕೇ ಸಾಲದೆಂದ ದೋಣಿಯ ಹೊಡೆತವನ್ನು ನಮ್ಮ ಕೆರೆ ತಾಳಲಾರದು ಎಂಬುದಕ್ಕೆ ಬೇರೆ ಪ್ರಯೋಗ ಬೇಕಿಲ್ಲ.

ವೇಕ್ ಬೋಟು ನಮ್ಮ ನಗರದ ಕೆರೆಗಳಿಗೆ ಅಪರಿಚಿತವೇ ಇರಬಹುದು. ಆದರೆ ಅದರ ಚಿಕ್ಕ ತಮ್ಮಂದಿರಾದ ಮೋಟಾರು ದೋಣಿ, ಸ್ಪೀಡ್ ಬೋಟು, ಜೆಟ್ ಸ್ಕೀಗಳು ರಾಜ್ಯಕ್ಕೆ ಬಂದು ಬಹಳ ವರ್ಷವಾಯಿತು. ಮೈಸೂರಿನ ಬಳಿಯ ವರುಣಾ ಕೆರೆಯಲ್ಲಿ ಜಲಕ್ರೀಡೆಗಳು ನಡೆದಿವೆ. ನಗರದ ಕೆರೆಯ ಹೂಳೆಂದರೆ ಬರಿಯ ಮಣ್ಣಲ್ಲ. ಹಲವು ದಶಕಗಳ ಕೊಳಚೆ, ಸಾಬೂನು ಪುಡಿಯ ರಂಜಕ, ಗಣೇಶನ ಬಣ್ಣ ಎಲ್ಲವೂ ಅದರಲ್ಲಿವೆ. ಬೆಳ್ಳಂದೂರು, ವರ್ತೂರುಗಳ ಕೋಡಿಯಲ್ಲಿ ನೀರು ಮೇಲಿಂದ ಬಿದ್ದು ಕಡೆದಂತಾದಾಗ ನೊರೆ ಏಳುವುದನ್ನು ನಾವು ಕಂಡಿದ್ದೇವೆ. ಹೂಳನ್ನು ಕೆದಕುವ ಯಂತ್ರವನ್ನು ಅಂಥ ನೀರಿಗೆ ಬಿಡುವುದು ಹಳೆಯ ಗಾಯದ ಪಟ್ಟಿ ಬಿಚ್ಚಿದಂತೆ.

ಮಾತಾಡದ ಹಕ್ಕುದಾರರು

ಕೆರೆಯ ಬಳಕೆದಾರರ ಪಟ್ಟಿಯಲ್ಲಿ ಅರ್ಜಿ ಹಾಕಲಾರದವರೂ ಇದ್ದಾರೆ. ಗುಳುಮುಳುಕ ಜೊಂಡು, ಕಸಕಡ್ಡಿ ಸೇರಿಸಿ ತೇಲುವ ಗೂಡು ಕಟ್ಟುತ್ತದೆ. ದೇವನಕ್ಕಿ ತಾವರೆಯೆಲೆಯಂಥ ತೇಲುವ ಎಲೆಗಳ ಮೇಲೆಯೇ ಮೊಟ್ಟೆಯಿಡುತ್ತದೆ. ನಾಮದ ಕೋಳಿಯ ಸಂಸಾರ ನೀರಂಚಿನ ಜೊಂಡಿನಲ್ಲಿ. ನೀರಿನ ಮಟ್ಟದಿಂದ ಕೆಲವೇ ಅಂಗುಲ ಮೇಲಿರುವ ಈ ಮನೆಗಳಿಗೆ ಒಂದಡಿಯ ಅಲೆ ಎಂದರೆ ಪ್ರಳಯ. ಮಡಿವಾಳ ಕೆರೆಗೆ ಬರುವ ಹೆಜ್ಜಾರ್ಲೆಗಳಿಗೆ ಗೂಡಿನ ಚಿಂತೆ ಇಲ್ಲದಿದ್ದರೂ ಮೀನು ಹಿಡಿಯಲು ಶಾಂತವಾದ ನೀರು ಬೇಕು. ದೋಣಿ ಹತ್ತಿರ ಬಂದಾಗಲೆಲ್ಲ ಆ ಭಾರದ ಹಕ್ಕಿ ರೆಕ್ಕೆ ಬಡಿದು ಮೇಲೇಳಬೇಕು. ಪ್ರತಿ ಸಲ ಎದ್ದಾಗಲೂ ತಿಂದ ಅನ್ನದಲ್ಲಿ ಒಂದು ಪಾಲು ಖರ್ಚು.

ದೋಣಿ ಇದ್ದ ಮಾತ್ರಕ್ಕೆ ಹಕ್ಕಿ ಇರಬಾರದೆಂದಿಲ್ಲ. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ ಪಕ್ಷಿಧಾಮವೆಂದು ಘೋಷಿಸಿದ ರಂಗನತಿಟ್ಟು ಇದಕ್ಕೆ ಸಾಕ್ಷಿ. ಅಲ್ಲಿ ಅಂಬಿಗರು ಹುಟ್ಟು ಹಾಕುತ್ತ ಗೂಡುಗಳ ಹತ್ತಿರಕ್ಕೇ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಹಕ್ಕಿಗಳು ಕದಲುವುದಿಲ್ಲ. ಸದ್ದಿಲ್ಲ, ಅಲೆಯಿಲ್ಲ, ದಾರಿ ಗೊತ್ತಿದೆ, ನಿಲ್ಲಬೇಕಾದ ದೂರ ಗೊತ್ತಿದೆ. ದೋಣಿ ಬೇಕೇ ಬೇಡವೇ ಎಂಬುದಕ್ಕಿಂತ ಯಾವ ದೋಣಿ, ಎಷ್ಟು ವೇಗ, ಕೆರೆಯ ಯಾವ ಮೂಲೆ ಎಂಬುದೇ ಸರಿಯಾದ ಪ್ರಶ್ನೆ ಎಂಬುದನ್ನು ರಂಗನತಿಟ್ಟು ತೋರಿಸುತ್ತದೆ.

ಮೀನುಗಾರರದು ಇನ್ನೊಂದು ಪಾಡು. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಹರಾಜಿನಲ್ಲಿ ಸಿಗುತ್ತದೆ. ಮೊದಲೇ ದುಡ್ಡು ಕಟ್ಟಿ, ಮರಿ ಬಿಟ್ಟು, ಬೆಳೆಯುವತನಕ ಕಾಯಬೇಕು. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎತ್ತುವ ಕಸುಬು ಅದು. ಎಂಜಿನ್ ದೋಣಿಯ ರೆಕ್ಕೆಗೆ ಬಲೆ ಸಿಕ್ಕಿದರೆ ಬಲೆಯೂ ಹೋಯಿತು, ಮೀನೂ ಹೋಯಿತು. ಹಾಗಾಗಿ ಮನರಂಜನೆಯ ದೋಣಿ ಬಂದ ಕಡೆ ಬಲೆಗೆ ಜಾಗ ಕಿರಿದಾಗುತ್ತದೆ. ನೀರು ಕೆಟ್ಟರೆ ಮೊದಲ ಪೆಟ್ಟೂ ಅವರಿಗೇ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ದೋಣಿವಿಹಾರ ಕೆಲ ದಿನದ ಮಟ್ಟಿಗೆ ಕಳೆಗುಂದಿತು ಅಷ್ಟೆ. ಮೀನುಗಾರನಿಗೆ ಮುಳುಗಿದ್ದು ವರ್ಷದ ಬಂಡವಾಳ.

ದೋಣಿ ಹತ್ತುವವರ ಪ್ರಾಣದ ಮಾತೂ ಇದೆ. 2009ರಲ್ಲಿ ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. 2023ರಲ್ಲಿ ತಾನೂರಿನಲ್ಲಿ 22 ಮಂದಿ. 2024ರ ಜನವರಿಯಲ್ಲಿ ಗುಜರಾತಿನ ವಡೋದರಾ ನಗರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹರಣಿ ಸಮುದ್ರವಲ್ಲ, ಮಹಾನದಿಯಲ್ಲ. ನಮ್ಮ ಬಡಾವಣೆಗಳ ಕೆರೆಯಂಥದೇ ಒಂದು ಊರಕೆರೆ. ಕೆರೆಯಲ್ಲವೆ, ಏನಾದೀತು ಎಂಬ ಸಸಾರವೇ ಅಲ್ಲಿ ಮುಳುವಾದದ್ದು.

ಬೇಲಿಯ ಒಳಗೆ, ಹೊರಗೆ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ದೋಣಿಯ ವ್ಯಾಪಾರವನ್ನು ತಡೆದ ಮಾತ್ರಕ್ಕೆ ಕೆರೆ ಎಲ್ಲರದಾಗಲಿಲ್ಲ. ಒತ್ತುವರಿ ತಡೆಯಲೆಂದು ಬೇಲಿ ಬಂದಿತು. ಬೇಲಿಯೊಳಗೆ ನಡಿಗೆಯ ಹಾದಿ, ಕಲ್ಲುಬೆಂಚು, ಬೆಳಗ್ಗೆ ಸಂಜೆ ಮಾತ್ರ ತೆರೆಯುವ ಗೇಟು ಬಂದವು. ವಾಯುವಿಹಾರಕ್ಕೆ ಬರುವ ನಮಗೆ ಇದು ಅನುಕೂಲ. ಹಸು ಹೊಡೆದುಕೊಂಡು ಬರುವವನಿಗೆ, ಬಟ್ಟೆಗಂಟು ಹೊತ್ತು ಬರುವವಳಿಗೆ ಆ ಗೇಟು ಗೋಡೆಯೇ. ಖಾಸಗಿ ಕಂಪನಿಯ ಟಿಕೆಟ್ ಯಾರನ್ನು ಹೊರಗಿಟ್ಟಿತೋ ಅವರನ್ನೇ ಪಾಲಿಕೆಯ ವೇಳಾಪಟ್ಟಿಯೂ ಹೊರಗಿಟ್ಟಿದೆ. ಪೋಲೋ ಆಡುತ್ತಿದ್ದ ದೊರೆಗಳ ಜಾಗದಲ್ಲಿ ಈಗ ಟ್ರ್ಯಾಕ್ ಸೂಟು ಹಾಕಿದ ನಾವಿದ್ದೇವೆ ಎಂದರೆ ಕೇಳಲು ಕಷ್ಟ, ಆದರೆ ಪೂರ್ತಿ ಸುಳ್ಳಲ್ಲ.

ಕೆಲವು ಕಡೆ ದಾರಿ ಕಂಡುಕೊಂಡದ್ದೂ ಉಂಟು. ಗಣೇಶನ ವಿಸರ್ಜನೆಗೆ ಯಡಿಯೂರು, ಸ್ಯಾಂಕಿ ಮೊದಲಾದ ಕೆರೆಗಳ ಪಕ್ಕದಲ್ಲೇ ಪ್ರತ್ಯೇಕ ಕಲ್ಯಾಣಿ ಕಟ್ಟಿದ್ದಾರೆ. ಹಬ್ಬ ನಿಲ್ಲಲಿಲ್ಲ, ಕೆರೆಯ ನೀರೂ ಬಣ್ಣವಾಗಲಿಲ್ಲ. ಜೆ.ಪಿ. ನಗರದ ಕಡೆಯ ಪುಟ್ಟೇನಹಳ್ಳಿ ಕೆರೆಯನ್ನು 2011ರಿಂದೀಚೆಗೆ ಸುತ್ತಲಿನ ನಾಗರಿಕರ ಟ್ರಸ್ಟೊಂದು ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನೋಡಿಕೊಂಡು ಬಂದಿದೆ. ಗಳಿಸಲು ದೋಣಿ ಬಿಡಲೇಬೇಕು, ಇಲ್ಲದಿದ್ದರೆ ಕೆರೆ ನಿರ್ವಹಣೆ ಸಾಧ್ಯವಿಲ್ಲ ಎಂಬ 2002ರ ಲೆಕ್ಕಕ್ಕೆ ಇದು ಒಂದು ಉತ್ತರ. ಒಬ್ಬರಿಗೆ ಅನುಕೂಲ ಮಾಡಿಕೊಡಲು ಇನ್ನೊಬ್ಬರನ್ನು ಓಡಿಸಬೇಕಾಗಿಲ್ಲ ಎಂಬುದನ್ನೂ ಕಲ್ಯಾಣಿಗಳು ತೋರಿಸಿವೆ. ದನಕ್ಕೆ ಒಂದು ಸೋಪಾನ, ಅಗಸರಿಗೆ ಒಂದು ಕಟ್ಟೆ, ಬಲೆಗೆ ಒಂದು ಭಾಗ, ಜೊಂಡಿಗೆ ಒಂದು ಮೂಲೆ, ಮಕ್ಕಳಿಗೆ ಹುಟ್ಟು ಹಾಕುವ ಒಂದು ದೋಣಿ ಎಂದು ಕೆರೆಯನ್ನು ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಹಳ್ಳಿಗಳಲ್ಲಿ ನೀರಗಂಟಿ ತೂಬು ಎತ್ತುತ್ತಿದ್ದದ್ದು ಇಂಥದೇ ಹಂಚಿಕೆಯ ಲೆಕ್ಕದಲ್ಲಿ. ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ಅವನು ಬಲ್ಲವನಾಗಿದ್ದ. ನಗರದ ಕೆರೆಗೆ ನೀರಗಂಟಿಯಿಲ್ಲ, ಕಾವಲುಗಾರನಿದ್ದಾನೆ. ಅವನ ಕೈಯಲ್ಲಿರುವುದು ಗೇಟಿನ ಬೀಗದ ಕೈ ಮಾತ್ರ.

ಸಂಪಂಗಿ ಕೆರೆಯ ತೋಟಗಾರರು ಅರ್ಜಿ ಹಾಕಿದಾಗ ಅವರು ಕೇಳಿದ್ದು ಕೆರೆಯ ಒಡೆತನವನ್ನಲ್ಲ. ನೀರನ್ನು ಸುಮ್ಮನೆ ಹರಿಸಿಬಿಡಬೇಡಿ ಎಂದಷ್ಟೆ. ಅದಕ್ಕೆ ಸರಿಯಾದ ಉತ್ತರ ಸಿಗುವಷ್ಟರಲ್ಲಿ ಕೆರೆಯೇ ಇರಲಿಲ್ಲ. ಮಡಿವಾಳದಲ್ಲಿ, ಅಗರದಲ್ಲಿ, ಹೊಸಕೆರೆಹಳ್ಳಿಯಲ್ಲಿ ಇನ್ನೂ ಕೆರೆಯಿದೆ. ಮುಂದಿನ ಸಲ ಯಾರಾದರೂ ಹೊಸ ದೋಣಿಯ ಯೋಜನೆ ಹಿಡಿದು ಬಂದರೆ, ಅದು ಎಷ್ಟು ಗಳಿಸುತ್ತದೆ ಎಂದು ಕೇಳುವ ಮೊದಲು ಅದರ ಅಲೆ ಯಾರ ದಡಕ್ಕೆ ಬಡಿಯುತ್ತದೆ ಎಂದು ಕೇಳಬಹುದು. ಅಷ್ಟು ಕೇಳಲು ಹೈಕೋರ್ಟಿಗೆ ಹೋಗಬೇಕಾಗಿಲ್ಲ. ವಾರ್ಡಿನ ಸಭೆ ಸಾಕು.